ಪೋಲೆಂಡಿನ ಹಿಪ್-ಹಾಪ್‌ನಲ್ಲಿ ಕಾಲಿಬೆರ್ 44 ತಂಡದ ಸ್ಥಾನವೇನು? ತಿಳಿದವರು ದಯವಿಟ್ಟು ವಿವರಿಸಬೇಕು

ತಿಳಕವಾಡಿ ಓದುಗ (ಬೆಳಗಾವಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಆಗಾಗ ಒಬ್ಬೊಬ್ಬರು ಬೇರೊಂದು ದೇಶದ ಜನಪ್ರಿಯ ಸಂಗೀತದ ಬಗ್ಗೆ ಮಾತನಾಡುವ ರೂಢಿಯಿದೆ. ಈ ಸಲದ ಸರದಿ ನನ್ನದು. ಇಂಗ್ಲಿಷ್ ಮಾತೃಭಾಷೆಯಲ್ಲದ ನಾಡೊಂದರಲ್ಲಿ ರ್‍ಯಾಪ್ ಹೇಗೆ ಬೇರು ಬಿಟ್ಟಿತು ಎಂಬುದನ್ನು ಹೇಳಬೇಕೆಂದು ಪೋಲೆಂಡನ್ನು ಆರಿಸಿಕೊಂಡಿದ್ದೇನೆ. ನಮ್ಮ ಬೆಳಗಾವಿ, ಗೋಕಾಕ, ಬಾಗಲಕೋಟೆ ಕಡೆಯ ಹುಡುಗರು ಈಗ ನಮ್ಮ ಮಾತಿನಲ್ಲಿಯೇ ರ್‍ಯಾಪ್ ಬರೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಹಂಚುತ್ತಿರುವುದನ್ನು ನೋಡುತ್ತಿದ್ದೇನೆ. ಅವರಲ್ಲಿ ಕೆಲವರು ಈ ಮಾತುಕತೆಗೆ ಬರುವವರಿರುವುದರಿಂದ ಮೇಲುಮೇಲಿನ ಮಾಹಿತಿ ಕೊಟ್ಟು ಕಳಿಸಲು ನನಗೆ ಮನಸ್ಸಿಲ್ಲ.

ಓದುತ್ತ ಹೋದಂತೆ ಕಟೋವಿತ್ಸೆ ನಗರದ ಕಾಲಿಬೆರ್ 44 ಎಂಬ ತಂಡದ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ; ಅದನ್ನು ಪೋಲಿಷ್ ಹಿಪ್-ಹಾಪ್‌ನ ಮೊದಲಿಗರ ಸಾಲಿನಲ್ಲಿ ಇಡುತ್ತಾರೆ. ಆದರೆ ಅವರ ಮೊದಲ ಆಲ್ಬಂ ಬಂದದ್ದು 1996ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1995ರಲ್ಲಿ, ಲಿರೊಯ್ ಎಂಬ ಗಾಯಕನ ಆಲ್ಬಂ ದೇಶದ ಮನೆಮನೆಗೂ ತಲುಪಿತ್ತಲ್ಲ? ಹಾಗಿದ್ದ ಮೇಲೆ ಇವರನ್ನು ಮೊದಲಿಗರೆನ್ನುವುದು ಯಾವ ಅರ್ಥದಲ್ಲಿ? ಅವರ ಸದಸ್ಯನಾಗಿದ್ದ ಮಾಗಿಕ್ ಮುಂದೆ ಪಾಕ್ತೊಫೊನಿಕಾ ಎಂಬ ಇನ್ನೊಂದು ತಂಡ ಕಟ್ಟಿದ್ದಾನೆ. ಈ ಎರಡು ತಂಡಗಳನ್ನು ಒಂದೇ ಕತೆಯಾಗಿ ಹೇಳಬೇಕೋ, ಬೇರೆ ಬೇರೆಯಾಗಿ ಹೇಳಬೇಕೋ ಎಂಬುದೂ ನನಗೆ ತಿಳಿಯುತ್ತಿಲ್ಲ. ಈ ಸಂಗೀತವನ್ನು ಬಹಳ ಕಾಲದಿಂದ ಕೇಳುತ್ತ ಬಂದ ಹಿರಿಯರು ಇಲ್ಲಿದ್ದರೆ ದಯವಿಟ್ಟು ಬರೆಯಬೇಕು.

ಕೃಷ್ಣಾತೀರ (ಜಮಖಂಡಿ) ಉತ್ತರ:

ಓದುಗರೆ, ಮೊದಲು ತಂಡದ ಪರಿಚಯ ಮಾಡಿಕೊಡುತ್ತೇನೆ, ಮೊದಲಿಗರು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಕಾಲಿಬೆರ್ 44 ಹುಟ್ಟಿದ್ದು 1994ರಲ್ಲಿ, ದಕ್ಷಿಣ ಪೋಲೆಂಡಿನ ಕಟೋವಿತ್ಸೆಯಲ್ಲಿ. ಮೂವರು ಹುಡುಗರು: ಯೋಕಾ ಮತ್ತು ಆಬ್ರಾಡಾಬ್ ಎಂದು ಹೆಸರಿಟ್ಟುಕೊಂಡ ಮಿಹಾವ್ ಮಾರ್ತೆನ್, ಮಾರ್ಚಿನ್ ಮಾರ್ತೆನ್ ಎಂಬ ಅಣ್ಣತಮ್ಮಂದಿರು; ಅವರ ಜೊತೆಗೆ ಮಾಗಿಕ್ ಎಂದು ಕರೆಸಿಕೊಂಡ ಪ್ಯೋತ್ರ್ ವುಶ್ಚ್. ಮೊದಲ ಆಲ್ಬಂ ಹೊರಬಂದಾಗ ಮೂವರಲ್ಲಿ ಯಾರಿಗೂ ಇಪ್ಪತ್ತು ತುಂಬಿರಲಿಲ್ಲ; ಮಾಗಿಕ್‌ನಿಗೆ ಹದಿನೆಂಟು. ಈ ವಯಸ್ಸನ್ನು ನಿಮ್ಮ ಕೇಳುಗರಿಗೆ ತಪ್ಪದೆ ಹೇಳಿ, ಏಕೆಂದರೆ ಆ ಆಲ್ಬಮ್ಮನ್ನು ಕೇಳುವವರಿಗೆ ಅದು ಹದಿಹರೆಯದವರ ಕೆಲಸವೆಂದು ನಂಬಲು ಕಷ್ಟವಾಗುತ್ತದೆ.

ಊರಿನ ಸ್ಥಿತಿಯನ್ನು ಹೇಳದೆ ಈ ತಂಡವನ್ನು ವಿವರಿಸಲಾಗದು. ಕಟೋವಿತ್ಸೆ ಇರುವುದು ಸಿಲೇಸಿಯಾ ಎಂಬ ಪ್ರದೇಶದಲ್ಲಿ. ಕಲ್ಲಿದ್ದಲ ಗಣಿ, ಉಕ್ಕಿನ ಕುಲುಮೆ, ಗಣಿಗಾರರ ಕೆಂಪು ಇಟ್ಟಿಗೆಯ ಮನೆಸಾಲು, ಸಮಾಜವಾದಿ ಸರಕಾರ ಎಬ್ಬಿಸಿದ ಕಾಂಕ್ರೀಟಿನ ಎತ್ತರದ ವಸತಿಗಳು, ಇವೇ ಆ ಪ್ರದೇಶದ ನೋಟ. 1981ರ ಡಿಸೆಂಬರ್ 16ರಂದು ಅಲ್ಲಿನ ವುಯೆಕ್ ಗಣಿಯಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರ ಮೇಲೆ ಸರಕಾರದ ಪಡೆ ಗುಂಡು ಹಾರಿಸಿ ಒಂಬತ್ತು ಜನ ಸತ್ತರು. 1989ರಲ್ಲಿ ವ್ಯವಸ್ಥೆ ಬದಲಾದ ಮೇಲೆ ಮಾರುಕಟ್ಟೆಯ ಲೆಕ್ಕ ಶುರುವಾಯಿತು, ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಸುಮಾರು ನಾಲ್ಕು ಲಕ್ಷದಷ್ಟಿದ್ದ ಕಲ್ಲಿದ್ದಲ ಕಾರ್ಮಿಕರ ಸಂಖ್ಯೆ ಹತ್ತು ವರ್ಷಗಳೊಳಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ತಂದೆ ಗಣಿಗೆ ಇಳಿದರೆ ಮಗನೂ ಇಳಿಯುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ಊರುಗಳಲ್ಲಿ ಬೆಳೆದ ಒಂದು ಪೀಳಿಗೆಗೆ, ಮುಂದೆ ಏನು ಮಾಡಬೇಕೆಂದು ಹೇಳಿಕೊಡುವವರು ಯಾರೂ ಉಳಿಯಲಿಲ್ಲ.

ಇಂಥ ಊರಿನಿಂದ ಬಂದವರು ನಿರುದ್ಯೋಗವನ್ನೋ ಪೊಲೀಸರನ್ನೋ ಕುರಿತು ನೇರವಾಗಿ ಹಾಡುತ್ತಾರೆಂದು ನಾವು ನಿರೀಕ್ಷಿಸುತ್ತೇವೆ. ಅವರು ಹಾಡಿದ್ದೇ ಬೇರೆ. 1996ರಲ್ಲಿ ಎಸ್.ಪಿ. ರೆಕಾರ್ಡ್ಸ್ ಎಂಬ ಕಂಪನಿಯಿಂದ ಬಂದ ಅವರ ಮೊದಲ ಆಲ್ಬಂ ‘ಕ್ಷೆಂಗಾ ತಾಯೆಮ್ನಿಚಾ. ಪ್ರೊಲೊಗ್’, ಅಂದರೆ ‘ರಹಸ್ಯ ಗ್ರಂಥ: ಪೀಠಿಕೆ’, ಮೊದಲಿನಿಂದ ಕೊನೆಯವರೆಗೆ ಕತ್ತಲೆಯ, ಭಯದ, ದೇವರು ಮತ್ತು ದೆವ್ವದ, ಗಾಂಜಾದ ಹೊಗೆಯ, ತಲೆಯೊಳಗಿನ ಗೊಂದಲದ ಲೋಕ. ತಾಳ ನಿಧಾನ, ಬಾಸ್ ಭಾರ, ಹಿನ್ನೆಲೆಯಲ್ಲಿ ಪಿಸುಮಾತು ಮತ್ತು ಪ್ರತಿಧ್ವನಿ. ಅದರ ಮೇಲೆ ಮಾಗಿಕ್‌ನ ಮೂಗಿನಿಂದ ಬರುವಂಥ ತೆಳ್ಳಗಿನ, ಒಮ್ಮೆ ಕೇಳಿದರೆ ಮರೆಯಲಾಗದ ಧ್ವನಿ. ತಮ್ಮ ಶೈಲಿಗೆ ‘ಸೈಕೋರ್‍ಯಾಪ್’ ಎಂದು ಅವರೇ ಹೆಸರು ಕೊಟ್ಟರು. ‘ಪ್ಲುಸ್ ಇ ಮಿನುಸ್’ ಎಂಬ ಹಾಡನ್ನು ಮಾಗಿಕ್ ಒಬ್ಬನೇ ಹಾಡಿದ್ದಾನೆ. ಹಾಡಿನುದ್ದಕ್ಕೂ ಒಬ್ಬ ಮನುಷ್ಯ ತನ್ನ ತಲೆಯೊಳಗೇ ತನ್ನೊಡನೆ ವಾದಕ್ಕೆ ಕೂತಂತಿದೆ. ಆ ಕಾಲದ ಪೋಲಿಷ್ ರೇಡಿಯೊದಲ್ಲಿ ಬರುತ್ತಿದ್ದ ಯಾವುದರ ಜೊತೆಗೂ ಅದನ್ನು ಹೋಲಿಸಲಾಗದು.

1998ರಲ್ಲಿ ಎರಡನೆಯ ಆಲ್ಬಂ ಬಂತು. ‘63 ನಿಮಿಷಗಳಲ್ಲಿ ಜಗತ್ತಿನ ಸುತ್ತ’ ಎಂಬುದು ಅದರ ಹೆಸರಿನ ಅರ್ಥ. ಕತ್ತಲೆ ಅಲ್ಲಿಗೆ ಬಹಳಷ್ಟು ಸರಿದಿತ್ತು. ತಾಳ ಹಗುರವಾಗಿತ್ತು, ಹುಡುಗಾಟ ಬಂದಿತ್ತು, ಡಿಜೆ ಫೀಲ್-ಎಕ್ಸ್‌ನ ಕೈಚಳಕ ಕೇಳಿಸುತ್ತಿತ್ತು. ಅದಾದ ಮೇಲೆ ಅದೇ ವರ್ಷ ಮಾಗಿಕ್ ತಂಡ ಬಿಟ್ಟ. ಉಳಿದ ಅಣ್ಣತಮ್ಮಂದಿರು ಫೀಲ್-ಎಕ್ಸ್ ಜೊತೆ 2000ದಲ್ಲಿ ‘3:44’ ಎಂಬ ಮೂರನೆಯ ಆಲ್ಬಂ ಮಾಡಿದರು. ಅದರ ‘ನೊರ್ಮಾಲ್ನ್ಯೆ ಒ ತೆಯ್ ಪೊಜೆ’ ಎಂಬ ಹಾಡು ಬಹಳ ಹೆಸರಾಯಿತು. ಬಳಿಕ ಯೋಕಾ ಅಮೆರಿಕಕ್ಕೆ ಹೋದ, ಆಬ್ರಾಡಾಬ್ 2004ರಲ್ಲಿ ಸ್ವಂತ ಆಲ್ಬಂ ತಂದ, ತಂಡ ಮತ್ತೆ ಕೂಡಿ ‘ಉವಾಮೆಕ್ ತಾರ್ಚಾ’ ಎಂಬ ನಾಲ್ಕನೆಯ ಆಲ್ಬಂ ಹೊರತಂದದ್ದು 2016ರಲ್ಲಿ. ಹೀಗೆ ನೋಡಿದರೆ ಇಷ್ಟು ವರ್ಷಗಳಲ್ಲಿ ನಾಲ್ಕೇ ಆಲ್ಬಂ, ಅದರಲ್ಲಿಯೂ ಮೂವರೂ ಕೂಡಿ ಮಾಡಿದವು ಎರಡೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಲಿರೊಯ್ ಮೊದಲು ಬಂದ, ಅದರಲ್ಲಿ ಸಂಶಯವಿಲ್ಲ. ಅವನ 1995ರ ‘ಆಲ್ಬೂಮ್’ ಲಕ್ಷಗಟ್ಟಲೆ ಮಾರಾಟವಾಗಿ, ಪೋಲಿಷ್ ಭಾಷೆಯಲ್ಲಿಯೂ ರ್‍ಯಾಪ್ ಮಾಡಬಹುದು, ಮಾಡಿದರೆ ಜನ ಕೊಳ್ಳುತ್ತಾರೆ ಎಂದು ತೋರಿಸಿತು. ಆದರೆ ಅಲ್ಲಿಯ ಬೈಗುಳ, ಭಂಗಿ, ಬಾಯಿಜೋರು ಎಲ್ಲವೂ ಅಮೆರಿಕದ ಪಶ್ಚಿಮ ಕರಾವಳಿಯ ಗಾಯಕರಿಂದ ಬಂದವು ಎಂಬುದು ನನ್ನ ಅಭಿಪ್ರಾಯ. ಕಾಲಿಬೆರ್ 44 ತಂಡದವರು ಮಾತ್ರ ಅಮೆರಿಕದಿಂದ ತಾಳವನ್ನಷ್ಟೇ ತೆಗೆದುಕೊಂಡರು. ಹೇಳುವ ವಿಷಯವನ್ನು, ಹೇಳುವ ಮನಸ್ಸನ್ನು ತಮ್ಮ ಊರಿನಿಂದಲೇ, ತಮ್ಮ ಶಾಲೆಯ ಪದ್ಯಪುಸ್ತಕದಿಂದಲೇ, ತಮ್ಮ ಇಗರ್ಜಿಯ ಪ್ರಾರ್ಥನೆಯಿಂದಲೇ ತಂದರು. ಅದಕ್ಕಾಗಿ ನಾನು ಅವರನ್ನು ಮೊದಲಿಗರೆನ್ನುತ್ತೇನೆ, ವರ್ಷದ ಲೆಕ್ಕಕ್ಕಾಗಿ ಅಲ್ಲ.

ಗುಮ್ಮಟನಗರಿ (ವಿಜಯಪುರ) ಉತ್ತರ:

ಕೃಷ್ಣಾತೀರ ಅವರು ಬರೆದ ಇತಿಹಾಸ ಸರಿಯಾಗಿದೆ. ಅವರ ತೀರ್ಮಾನವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ.

ಲಿರೊಯ್‌ನನ್ನು ಅನುಕರಣೆಯೆಂದು ಬದಿಗಿಡುವುದು ಅನ್ಯಾಯವಾಗುತ್ತದೆ. ಅವನಿಗೆ ದೊಡ್ಡ ಹೆಸರು ತಂದ ‘ಸ್ಸಿಜೊರಿಕ್’ ಎಂಬ ಹಾಡು, ಅಂದರೆ ‘ಚಾಕು’, ಅವನ ಊರಾದ ಕ್ಯೆಲ್ತ್ಸೆಗೆ ಸಂಬಂಧಿಸಿದ್ದು. ಆ ಊರಿನವರನ್ನು ಉಳಿದ ಪೋಲೆಂಡ್ ಮೊದಲಿನಿಂದಲೂ ಮಡಿಸುವ ಚಾಕುವಿನ ಹೆಸರಿನಿಂದಲೇ ಕರೆಯುತ್ತ ಬಂದಿತ್ತು. ತನ್ನ ಊರಿಗೆ ಅಂಟಿದ ಅಡ್ಡಹೆಸರನ್ನು ಎದೆಯುಬ್ಬಿಸಿ ಹಾಡಿದವನು ಸ್ಥಳೀಯನಲ್ಲದೆ ಮತ್ತೇನು? ಅದೇ ಕ್ಯೆಲ್ತ್ಸೆಯಿಂದ ‘ವ್ಜ್ಗೂಜೆ ಯಾ-ಪಾ 3’ ಎಂಬ ತಂಡವೂ 1995ರಲ್ಲಿಯೇ ಆಲ್ಬಂ ತಂದಿತ್ತು. ಪೊಜ್ನಾನ್ ನಗರದಲ್ಲಿ ಪೇಯಾ ಎಂಬ ಗಾಯಕನ ‘ಸ್ಲಮ್ಸ್ ಅಟ್ಯಾಕ್’ ತಂಡ 1993ರಿಂದ ಕೆಲಸ ಮಾಡುತ್ತಿತ್ತು. ಪೋಲೆಂಡಿನ ಹಿಪ್-ಹಾಪ್ ಯಾವುದೋ ಒಂದು ಊರಿನ ಮೂವರಿಂದ ಹುಟ್ಟಿದ್ದಲ್ಲ. ನಾಲ್ಕೈದು ನಗರಗಳಲ್ಲಿ, ಒಬ್ಬರದು ಒಬ್ಬರಿಗೆ ಸರಿಯಾಗಿ ತಿಳಿಯದಿದ್ದ ಕಾಲದಲ್ಲಿ, ಕ್ಯಾಸೆಟ್ಟುಗಳ ಮೂಲಕ ಏಕಕಾಲಕ್ಕೆ ಎದ್ದು ನಿಂತದ್ದು.

ಕ್ಯಾಸೆಟ್ಟಿನ ಮಾತು ಬಂದುದರಿಂದ ಒಂದು ಸಂಗತಿ ಸೇರಿಸುತ್ತೇನೆ. 1989ರ ನಂತರದ ಕೆಲವು ವರ್ಷ ಪೋಲೆಂಡಿನ ಸಂತೆಗಳಲ್ಲಿ ನಕಲಿ ಕ್ಯಾಸೆಟ್ಟುಗಳದೇ ರಾಜ್ಯವಾಗಿತ್ತು. ಅಮೆರಿಕದ ಹಾಡುಗಳು ಅಲ್ಲಿನ ಹುಡುಗರಿಗೆ ತಲುಪಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಡಿಶ್ ಇದ್ದ ಮನೆಗಳಲ್ಲಿ ಎಂಟಿವಿಯೂ ಬರುತ್ತಿತ್ತು. 1994ರ ಫೆಬ್ರವರಿಯಲ್ಲಿ ಹೊಸ ಹಕ್ಕುಸ್ವಾಮ್ಯ ಕಾಯಿದೆ ಬಂದ ಮೇಲೆ ಆ ವ್ಯಾಪಾರ ತಗ್ಗುತ್ತ ಬಂತು, ಸ್ವದೇಶಿ ಕಲಾವಿದರ ಮೇಲೆ ಹಣ ಹೂಡುವ ಧೈರ್ಯ ಕಂಪನಿಗಳಿಗೆ ಬಂತು. 1995 ಮತ್ತು 1996ರಲ್ಲಿ ಇಷ್ಟೊಂದು ಮೊದಲ ಆಲ್ಬಮ್ಮುಗಳು ಒಟ್ಟಿಗೆ ಕಾಣಿಸಿಕೊಂಡದ್ದಕ್ಕೆ ಪ್ರತಿಭೆಯ ಜೊತೆಗೆ ಈ ಕಾಯಿದೆಯೂ ಕಾರಣವೆಂದು ನಾನು ತಿಳಿದಿದ್ದೇನೆ.

ಪ್ರಭಾವದ ಲೆಕ್ಕ ಹಾಕುವುದಾದರೆ ವಾರ್ಸಾದ ಮೊಲೆಸ್ತಾ ತಂಡವನ್ನು ಬಿಡುವಂತಿಲ್ಲ. 1998ರ ಅವರ ‘ಸ್ಕಾಂಡಲ್’ ಆಲ್ಬಂ, ಡಿಜೆ 600ವಿ ಎಂಬ ಸಂಯೋಜಕನ ಬೀಟುಗಳ ಮೇಲೆ ನಿಂತು, ವಸತಿ ಸಮುಚ್ಚಯದ ಕೆಳಗಿನ ಬೆಂಚು, ಮೆಟ್ಟಿಲು, ಗೆಳೆಯರು, ಪೊಲೀಸರ ಜೀಪು, ಇಷ್ಟನ್ನೇ ಇದ್ದ ಹಾಗೆ ಹೇಳಿತು. ಮುಂದಿನ ಹತ್ತು ವರ್ಷ ಪೋಲೆಂಡಿನ ಬೀದಿಯ ರ್‍ಯಾಪ್ ಹೋದದ್ದು ಆ ದಾರಿಯಲ್ಲಿ. ಸೈಕೋರ್‍ಯಾಪ್ ದಾರಿಯಲ್ಲಿ ಹೋದವರು ಕಡಿಮೆ. 2001ರಲ್ಲಿ ಸಿಲ್ವೆಸ್ತೆರ್ ಲಾತ್ಕೊವ್ಸ್ಕಿ ಎಂಬ ನಿರ್ದೇಶಕ ‘ಬ್ಲೊಕೆರ್ಸಿ’ ಎಂಬ ಸಾಕ್ಷ್ಯಚಿತ್ರ ಮಾಡಿದಾಗ ದೇಶ ನೋಡಿದ್ದು ಈ ಕಾಂಕ್ರೀಟ್ ವಸತಿಗಳ ಹುಡುಗರನ್ನೇ. ಆದ್ದರಿಂದ ಓದುಗರು ತಮ್ಮ ಮಾತಿನಲ್ಲಿ ಕಾಲಿಬೆರ್ 44 ತಂಡವನ್ನು ಕೇಂದ್ರದಲ್ಲಿ ಇಡಲಿ, ಆದರೆ ಒಂಟಿಯಾಗಿ ನಿಲ್ಲಿಸಬಾರದು.

ಮುಧೋಳದ ಮಾಸ್ತರ ಉತ್ತರ:

ಇಬ್ಬರ ವಾದವನ್ನೂ ಆಸಕ್ತಿಯಿಂದ ಓದಿದೆ. ಇಬ್ಬರೂ ವಿಷಯ ಮತ್ತು ಇತಿಹಾಸದ ಬಗ್ಗೆ ಬರೆದಿದ್ದೀರಿ. ಪದ್ಯ ಕಟ್ಟುವ ಕಸುಬಿನ ಬಗ್ಗೆ ಯಾರೂ ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ಈ ತಂಡದ ನಿಜವಾದ ಕೊಡುಗೆ ಇರುವುದು ಅಲ್ಲಿ. ಬೆಳಗಾವಿಯ ಹುಡುಗರಿಗೆ ಉಪಯೋಗವಾಗುವುದೂ ಅದೇ.

ಪೋಲಿಷ್ ಭಾಷೆಯಲ್ಲಿ ಪದದ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ಪದಗಳು ರಾಶಿ ರಾಶಿ ಇರುವುದರಿಂದ ಅಲ್ಲಿನ ಗಾಯಕರು ಸಾಲಿನ ಕೊನೆಗೆ ಪಟ್ಟನೆ ಒಂದು ಪೆಟ್ಟು ಹಾಕಿ ನಿಲ್ಲಿಸುತ್ತಾರೆ. ಪೋಲಿಷಿನಲ್ಲಿ ಹಾಗೆ ಮಾಡಲು ಹೊರಟರೆ ಪದಗಳು ಬೇಗ ಮುಗಿದು ಹೋಗುತ್ತವೆ. ಅಲ್ಲಿ ಪ್ರಾಸ ಸಹಜವಾಗಿ ಎರಡಕ್ಷರದ್ದು, ಒತ್ತು ಮೊದಲು, ಇಳಿತ ಆಮೇಲೆ. ಇದರ ಜೊತೆಗೆ ಆ ಭಾಷೆಯಲ್ಲಿ ಏಳು ವಿಭಕ್ತಿಗಳಿವೆ, ಕ್ರಿಯಾಪದಕ್ಕೆ ಪುರುಷ, ವಚನ, ಲಿಂಗದ ಪ್ರತ್ಯಯಗಳಿವೆ. ಪ್ರತ್ಯಯ ಒಂದೇ ಆಗಿದ್ದರೆ ಪ್ರಾಸ ತಾನಾಗಿ ಕೂಡಿಬರುತ್ತದೆ. ಇಂಥ ಅಗ್ಗದ ಪ್ರಾಸಕ್ಕೆ ಪೋಲೆಂಡಿನವರು, ಯಾತ್ರಾಸ್ಥಳವಾದ ಚೆನ್ಸ್ತೊಹೋವಾದ ಹೆಸರು ಸೇರಿಸಿ, ಚೆನ್ಸ್ತೊಹೋವಾ ಪ್ರಾಸ ಎಂದು ಹಗುರವಾಗಿ ಕರೆಯುತ್ತಾರೆ.

ಈ ತೊಂದರೆ ನಮಗೆ ಚೆನ್ನಾಗಿ ಗೊತ್ತಿರುವಂಥದೇ. ಕನ್ನಡದಲ್ಲಿ ‘ಬಂದೇನಿ, ಹೋದೇನಿ, ನೋಡೇನಿ, ಹೇಳೇನಿ’ ಎಂದು ಸಾಲು ಮುಗಿಸುತ್ತ ಹೋದರೆ ದಿನವಿಡೀ ಹಾಡಬಹುದು, ಕೇಳುವವನಿಗೆ ಒಂದು ಸಾಲೂ ನೆನಪಿನಲ್ಲಿ ಉಳಿಯುವುದಿಲ್ಲ. ಇಂದು ನಮ್ಮ ಕಡೆಯ ಹುಡುಗರು ಬರೆಯುವ ರ್‍ಯಾಪ್‌ನಲ್ಲಿ ಹೆಚ್ಚಿನದು ಇದೇ ಆಗಿದೆ ಎಂದು ನೇರವಾಗಿ ಹೇಳುತ್ತೇನೆ. ಅವರ ಮೇಲೆ ಅಭಿಮಾನವಿದೆ, ಆದ್ದರಿಂದಲೇ ಹೇಳುತ್ತಿದ್ದೇನೆ.

ಕಾಲಿಬೆರ್ 44 ತಂಡದವರು, ಮತ್ತು ಅವರಿಗಿಂತಲೂ ಮಿಗಿಲಾಗಿ ಪಾಕ್ತೊಫೊನಿಕಾದಲ್ಲಿ ಮಾಗಿಕ್, ರಾಹಿಮ್, ಫೋಕುಸ್, ಈ ಪ್ರತ್ಯಯದ ಪ್ರಾಸವನ್ನು ಬಿಟ್ಟು ಹೊರಗೆ ಬಂದರು. ನಾಮಪದಕ್ಕೆ ಕ್ರಿಯಾಪದವನ್ನು, ಒಂದು ಪದಕ್ಕೆ ಎರಡು ಪದಗಳ ಕೂಡಿಕೆಯನ್ನು ಪ್ರಾಸವಾಗಿ ಇಟ್ಟರು. ಪ್ರಾಸವನ್ನು ಸಾಲಿನ ಕೊನೆಗೆ ಕಾಯ್ದಿರಿಸದೆ ಸಾಲಿನ ನಡುವೆಯೇ ಮೂರು ನಾಲ್ಕು ಕಡೆ ಬಿತ್ತಿದರು. ತಾಳ ಮುಗಿದರೂ ವಾಕ್ಯ ಮುಗಿಸದೆ ಮುಂದಿನ ಸಾಲಿಗೆ ದಾಟಿಸಿದರು. ಕೇಳುವವನಿಗೆ ಭಾಷೆ ಬರದಿದ್ದರೂ ಒಂದೇ ಸ್ವರದ ಸರಣಿ ಅಲೆಯಂತೆ ಬಂದು ಹೋಗುವುದು ಕಿವಿಗೆ ತಿಳಿಯುತ್ತದೆ. ಮಾಗಿಕ್‌ನ ಒಂದು ಚರಣವನ್ನು ಹಾಳೆಯ ಮೇಲೆ ಬರೆದುಕೊಂಡು, ಸಮನಾಗಿ ಕೇಳಿಸುವ ಅಕ್ಷರಗಳ ಕೆಳಗೆ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದು ನೋಡಿ. ಹಾಳೆಯಲ್ಲಿ ಗೆರೆಯಿಲ್ಲದ ಜಾಗ ಬಹಳ ಕಡಿಮೆ ಉಳಿಯುತ್ತದೆ.

ನಮ್ಮ ಹಳಗನ್ನಡ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟವರು. ಈ ಊರಿನವನಾಗಿ ರನ್ನನ ಹೆಸರು ಹೇಳದೆ ಹೇಗೆ ಬಿಡಲಿ? ಕೊನೆಯ ಪ್ರತ್ಯಯದ ಹಂಗಿಲ್ಲದ ಪ್ರಾಸ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು. ಇನ್ನು ಎದುರುಬದುರು ನಿಂತು ಪದ ಕಟ್ಟುವ ಹಿಪ್-ಹಾಪ್ ಪಂದ್ಯವನ್ನು ನಮ್ಮ ಜನರಿಗೆ ವಿವರಿಸಲು ಬೇರೆ ಉದಾಹರಣೆ ಬೇಕಿಲ್ಲ, ಜಾತ್ರೆಯ ಹರದೇಶಿ-ನಾಗೇಶಿ ಸಾಕು. ಒಂದು ಮೇಳ ಶಿವನೇ ಹೆಚ್ಚೆಂದು, ಇನ್ನೊಂದು ಮೇಳ ಶಕ್ತಿಯೇ ಹೆಚ್ಚೆಂದು ಹಿಡಿದು, ದಪ್ಪು ತುಂತುಣಿಯ ಮೇಲೆ ಬೆಳಗಿನವರೆಗೆ ಸವಾಲು ಜವಾಬು ಹಾಕುವಾಗ, ಎದುರಿನವನ ಪದದ ಕೊನೆಯನ್ನೇ ಹಿಡಿದು ತನ್ನ ಪದ ಎತ್ತುವ ಗಾಯಕನಿಗೆ ಸಿಗುವ ಮೆಚ್ಚುಗೆ ಎಂಥದೆಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಹಲಸಂಗಿಯ ಗೆಳೆಯರು ಲಾವಣಿಗಳನ್ನು ಕೂಡಿಹಾಕಿದ್ದು ಈ ಕಸುಬಿನ ಬೆಲೆ ತಿಳಿದೇ. ಕಟೋವಿತ್ಸೆಯ ಹುಡುಗರು ತಮ್ಮ ಭಾಷೆಯ ಒತ್ತಿಗೆ ತಕ್ಕ ಪ್ರಾಸವನ್ನು ತಾವೇ ಕಂಡುಕೊಂಡರು. ನಮ್ಮ ಹುಡುಗರಿಗೆ ಅಂಥ ಸಾಮಗ್ರಿ ಸಿದ್ಧವಾಗಿಯೇ ಇದೆ.

ತಿಳಕವಾಡಿ ಓದುಗ:

ಮಾಸ್ತರರೆ, ಬಣ್ಣದ ಪೆನ್ಸಿಲಿನ ಕೆಲಸವನ್ನು ನಾನು ಸಭೆಯಲ್ಲಿಯೇ ಮಾಡಿ ತೋರಿಸುತ್ತೇನೆ. ಮೂವರಿಗೂ ಕೃತಜ್ಞ.

ಇನ್ನೊಂದು ವಿಷಯದಲ್ಲಿ ಮಾತ್ರ ನನಗೆ ಅಳುಕಿದೆ. ಮಾಗಿಕ್ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡದ್ದನ್ನು ಓದಿದೆ. ನನ್ನ ಕೇಳುಗರಲ್ಲಿ ಅದೇ ವಯಸ್ಸಿನವರು ಇರುತ್ತಾರೆ. ಪಾಕ್ತೊಫೊನಿಕಾದ ಪ್ರಭಾವವನ್ನು ವಿವರಿಸುವಾಗ ಆ ಸಾವನ್ನು ಎಷ್ಟು ಹೇಳಬೇಕು? ಅವರ ಖ್ಯಾತಿಗೆ ಆ ಸಾವೇ ಕಾರಣ ಎನ್ನುವವರಿಗೆ ಏನು ಉತ್ತರ ಕೊಡಬೇಕು?

ಕೃಷ್ಣಾತೀರ (ಜಮಖಂಡಿ) ಉತ್ತರ:

ನಿಮ್ಮ ಅಳುಕು ಯೋಗ್ಯವಾದದ್ದು. ನಾನು ತಿಳಿದಂತೆ ಕ್ರಮವಾಗಿ ಹೇಳುತ್ತೇನೆ.

ಪಾಕ್ತೊಫೊನಿಕಾ 1998ರಲ್ಲಿ ಕಟೋವಿತ್ಸೆಯಲ್ಲಿಯೇ ಕೂಡಿತು. ಮಾಗಿಕ್ ಜೊತೆಗೆ ರಾಹಿಮ್ ಎಂಬ ಹೆಸರಿನ ಸೆಬಾಸ್ಟಿಯನ್ ಸಾಲ್ಬೆರ್ಟ್ ಮತ್ತು ಫೋಕುಸ್ ಎಂಬ ಹೆಸರಿನ ವೊಯ್ಚೆಹ್ ಆಲ್ಶೆರ್ ಇದ್ದರು. ಗಿಗಾಂಟ್ ರೆಕಾರ್ಡ್ಸ್ ಎಂಬ ಚಿಕ್ಕ ಕಂಪನಿ ಅವರ ‘ಕಿನೆಮಾತೊಗ್ರಾಫಿಯಾ’ ಆಲ್ಬಮ್ಮನ್ನು 2000ದ ಡಿಸೆಂಬರ್ 18ರಂದು ಬಿಡುಗಡೆ ಮಾಡಿತು. ಡಿಸೆಂಬರ್ 26ರಂದು, ಕ್ರಿಸ್ಮಸ್‌ನ ಮರುದಿನ, ಮಾಗಿಕ್ ತೀರಿಕೊಂಡ. ನಡುವೆ ಇದ್ದದ್ದು ಎಂಟು ದಿನ ಮಾತ್ರ. ಆಲ್ಬಮ್ಮನ್ನು ದೇಶ ಕೇಳಿದ್ದು ಆ ಸುದ್ದಿಯ ಜೊತೆಗೇ ಎಂಬುದು ನಿಜ, ಮತ್ತು ಆ ಸುದ್ದಿ ಅನೇಕರನ್ನು ಆ ಹಾಡುಗಳ ಕಡೆಗೆ ತಿರುಗಿಸಿತು ಎಂಬುದೂ ನಿಜ.

ಆದರೆ ಸಾವಿನಿಂದ ಒಂದು ಹಾಡು ಒಂದು ವರ್ಷ ಬಾಳಬಹುದು, ಇಪ್ಪತ್ತೈದು ವರ್ಷ ಬಾಳುವುದಿಲ್ಲ. ‘ಯೆಸ್ತೆಮ್ ಬೊಗ್ಯೆಮ್’ ಎಂಬ ಅವರ ಅತ್ಯಂತ ಪ್ರಸಿದ್ಧ ಹಾಡಿನ ಹೆಸರಿಗೆ ‘ನಾನು ದೇವರು’ ಎಂದರ್ಥ. ಪಲ್ಲವಿಯಲ್ಲಿ ಹಾಡುವವನು ತಾನು ದೇವರೆಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ, ಕೇಳುವವನಿಗೂ ನೀನೂ ಹಾಗೆಯೇ ಎನ್ನುತ್ತಾನೆ. ವಚನಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಅದ್ವೈತವೆಂದೋ ಅನುಭಾವವೆಂದೋ ಹೇಳಿಬಿಡುವ ಆಸೆಯಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಥೋಲಿಕ್ ಧರ್ಮ ಆಳವಾಗಿ ಬೇರೂರಿದ ನಾಡಿನಲ್ಲಿ, ಕೆಲಸವಿಲ್ಲದ ಒಂದು ವಸತಿಯ ಹುಡುಗ, ತನ್ನಂಥದೇ ಇನ್ನೊಂದು ವಸತಿಯ ಹುಡುಗನಿಗೆ ನೀನು ಯಾರಿಗೂ ಕಡಿಮೆಯಿಲ್ಲವೆಂದು ಹೇಳಲು ಹುಡುಕಿಕೊಂಡ ಅತ್ಯಂತ ಎತ್ತರದ ಮಾತು ಅದು. ಪೋಲೆಂಡಿನ ಒಂದು ಇಡೀ ಪೀಳಿಗೆ ಆ ಪಲ್ಲವಿಯನ್ನು ಬಾಯಿಪಾಠ ಮಾಡಿಕೊಂಡದ್ದಕ್ಕೆ ಕಾರಣ ಆ ಮಾತೇ ಆಗಿದೆ.

ಮುಂದಿನ ಕತೆ ಉಳಿದ ಇಬ್ಬರದು. ರಾಹಿಮ್ ಮತ್ತು ಫೋಕುಸ್ 2002ರಲ್ಲಿ ಉಳಿದಿದ್ದ ಧ್ವನಿಮುದ್ರಣಗಳನ್ನು ಸೇರಿಸಿ ‘ಆರ್ಹಿವುಮ್ ಕಿನೆಮಾತೊಗ್ರಾಫಿಯಿ’ ಹೊರತಂದರು. 2003ರ ಮಾರ್ಚ್ 21ರಂದು, ಕಟೋವಿತ್ಸೆಯ ಮಧ್ಯದಲ್ಲಿ ಹಾರುವ ತಟ್ಟೆಯ ಆಕಾರದಲ್ಲಿ ನಿಂತಿರುವ ಸ್ಪೊಡೆಕ್ ಎಂಬ ಬೃಹತ್ ಸಭಾಂಗಣದಲ್ಲಿ ಪಾಕ್ತೊಫೊನಿಕಾದ ಕೊನೆಯ ಕಚೇರಿ ನಡೆಸಿ ಆ ಹೆಸರನ್ನು ಮುಗಿಸಿದರು. ಗೆಳೆಯನ ಹೆಸರಿನಲ್ಲಿ ವರ್ಷವರ್ಷವೂ ಹಣ ಮಾಡಿಕೊಳ್ಳುವ ದಾರಿ ಅವರ ಮುಂದಿತ್ತು; ಅವರು ಪೊಕಾಹೊಂತಾಜ್ ಎಂಬ ಹೊಸ ಹೆಸರಿನಲ್ಲಿ ಹೊಸ ಹಾಡುಗಳನ್ನು ಬರೆದರು. ಈ ನಡತೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

2012ರಲ್ಲಿ ನಿರ್ದೇಶಕ ಲೆಶೆಕ್ ದಾವಿದ್ ಈ ತಂಡದ ಮೇಲೆ ‘ಯೆಸ್ತೆಶ್ ಬೊಗ್ಯೆಮ್’ ಎಂಬ ಚಲನಚಿತ್ರ ಮಾಡಿದರು. ಚಿತ್ರಕತೆ ಮಾಚೆಯ್ ಪಿಸುಕ್ ಅವರದು, ಮಾಗಿಕ್ ಪಾತ್ರ ಮಾಡಿದವರು ಮಾರ್ಚಿನ್ ಕೊವಾಲ್ಚಿಕ್. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಚಿತ್ರಮಂದಿರದಲ್ಲಿ ನೋಡಿದರು, ಮತ್ತು 2000ದಲ್ಲಿ ಇನ್ನೂ ಶಾಲೆಗೂ ಹೋಗದಿದ್ದ ಮಕ್ಕಳು ದೊಡ್ಡವರಾಗಿ ಆ ಹಾಡುಗಳನ್ನು ಮೊದಲ ಸಲ ಕೇಳಿದರು. ಚಿತ್ರ ಚೆನ್ನಾಗಿದೆ. ಆದರೂ ನಿಮ್ಮ ಸಭೆಯಲ್ಲಿ ಚಿತ್ರದ ಕೊನೆಯ ಭಾಗವನ್ನು ತೋರಿಸದಿರುವುದು ಒಳ್ಳೆಯದು. ಸಾವನ್ನು ಒಂದು ವಾಕ್ಯದಲ್ಲಿ, ಹೇಗಾಯಿತೆಂಬ ವಿವರಕ್ಕೆ ಹೋಗದೆ ಹೇಳಿ. ಅದು ಕಲೆಯ ಬೆಲೆ ಹೆಚ್ಚಿಸಿತು ಎಂಬಂತೆ ಯಾವ ಮಾತನ್ನೂ ಆಡಬೇಡಿ. ಬದುಕಿದ್ದರೆ ಅವನಿಂದ ಇನ್ನೆಷ್ಟು ಆಲ್ಬಂ ಬರುತ್ತಿದ್ದವು ಎಂಬ ನಷ್ಟದ ಲೆಕ್ಕವನ್ನು ಮುಂದಿಡಿ. ಮನಸ್ಸಿಗೆ ಕಷ್ಟವಾದವರು ಯಾರೊಡನೆಯಾದರೂ ಮಾತನಾಡಬೇಕೆಂಬುದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಕ್ಕೆ ಸಂಕೋಚ ಬೇಡ.

ನಿಮ್ಮ ಮೊದಲ ಪತ್ರದಲ್ಲಿದ್ದ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಗುತ್ತದೆ: ಎರಡು ತಂಡಗಳನ್ನು ಬೇರೆ ಬೇರೆಯಾಗಿಯೇ ಹೇಳಿ. ಕಾಲಿಬೆರ್ 44 ಕತೆಯನ್ನು ಮಾಗಿಕ್‌ನೊಬ್ಬನ ಕತೆಯಾಗಿ ಮಾಡಿದರೆ ಮಾರ್ತೆನ್ ಅಣ್ಣತಮ್ಮಂದಿರಿಗೆ ಅನ್ಯಾಯವಾಗುತ್ತದೆ. ಅವರು ಅವನಿಲ್ಲದೆಯೂ ‘3:44’ನಂಥ ಸೊಗಸಾದ ಆಲ್ಬಂ ಮಾಡಿದವರು. ಅದನ್ನು ಜನ ಅಷ್ಟಾಗಿ ಚರ್ಚಿಸುವುದಿಲ್ಲ ಎಂಬ ಕೊರಗು ನನಗೆ ಯಾವಾಗಲೂ ಇದೆ.

ಇಂಡಿ ಲಿಂಬೆ ಉತ್ತರ:

ಅಣ್ಣಾವರ ಮಾತುಗಳಿಗೆ ಪೂರಕವಾಗಿ, ಸಭೆಯಲ್ಲಿ ಏನು ಕೇಳಿಸಬೇಕೆಂಬ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಮೊದಲ ಆಲ್ಬಮ್ಮಿನಿಂದಲೇ ಶುರು ಮಾಡಬೇಡಿ. ಭಾಷೆ ತಿಳಿಯದವರಿಗೆ ಆ ನಿಧಾನದ ಕತ್ತಲೆ ಬೇಗ ಹಿಡಿಸುವುದಿಲ್ಲ. ‘3:44’ರಿಂದ ‘ನೊರ್ಮಾಲ್ನ್ಯೆ ಒ ತೆಯ್ ಪೊಜೆ’ ಕೇಳಿಸಿ, ಜನ ತಲೆ ಆಡಿಸುತ್ತಾರೆ. ಆಮೇಲೆ ‘ಪ್ಲುಸ್ ಇ ಮಿನುಸ್’ ಇಟ್ಟರೆ ಇದೇ ತಂಡ ನಾಲ್ಕು ವರ್ಷದ ಹಿಂದೆ ಎಲ್ಲಿತ್ತು ಎಂಬುದು ಕಿವಿಗೇ ತಿಳಿಯುತ್ತದೆ. ಕೊನೆಗೆ ಪಾಕ್ತೊಫೊನಿಕಾದ ‘ಹ್ವಿಲೆ ಉಲೊತ್ನೆ’. ಅದರಲ್ಲಿ ಮೂವರ ಧ್ವನಿಗಳು ಒಂದರ ಬೆನ್ನಿಗೊಂದು ಬರುವುದರಿಂದ ಯಾರು ಯಾರೆಂದು ಗುರುತಿಸುವುದನ್ನು ಕೇಳುಗರಿಗೇ ಬಿಡಬಹುದು. ಗುಮ್ಮಟನಗರಿ ಅವರ ಮಾತಿಗೆ ಬೆಲೆ ಕೊಟ್ಟು ಮೊಲೆಸ್ತಾದ ಒಂದು ಹಾಡನ್ನು ನಡುವೆ ಸೇರಿಸಿದರೆ ಕಟೋವಿತ್ಸೆಗೂ ವಾರ್ಸಾಗೂ ಇರುವ ಅಂತರ ಬೇರೆ ವಿವರಣೆಯಿಲ್ಲದೆ ಗೊತ್ತಾಗುತ್ತದೆ.

ಪ್ರಭಾವದ ಬಗ್ಗೆ ಹೇಳುವಾಗ ಇಂದಿನ ಸ್ಥಿತಿಯನ್ನೂ ಹೇಳಿ. ಈಗ ಪೋಲೆಂಡಿನ ಮಾರಾಟದ ಪಟ್ಟಿಗಳಲ್ಲಿ ಮೇಲಿನ ಸ್ಥಾನಗಳಲ್ಲಿ ಹೆಚ್ಚಾಗಿ ಕಾಣುವುದು ಪೋಲಿಷ್ ರ್‍ಯಾಪ್. ಟಾಕೊ ಹೆಮಿಂಗ್ವೇ, ಮಾತಾ ಮುಂತಾದ ಇಂದಿನ ಗಾಯಕರು ಬಡ ವಸತಿಗಳಿಂದ ಬಂದವರಲ್ಲ. 2019ರಲ್ಲಿ ಮಾತಾ ಮೊದಲು ಚರ್ಚೆಗೆ ಬಂದದ್ದೇ ವಾರ್ಸಾದ ಪ್ರತಿಷ್ಠಿತ ಶಾಲೆಯ ಸ್ಥಿತಿವಂತರ ಮಕ್ಕಳನ್ನು ಕುರಿತ ಹಾಡಿನಿಂದ. ವಕೀಲರ ಮಗನೂ ಗಣಿಗಾರರ ಊರಿನ ಹುಡುಗನೂ ಒಂದೇ ಕಾವ್ಯರೂಪದಲ್ಲಿ ಬರೆಯಬಹುದಾದ ಸ್ಥಿತಿ ಬಂದಿದೆ. ಅದರಲ್ಲಿ ಕಾಲಿಬೆರ್ 44 ತಂಡದ ಪಾಲು ಇದೆ, ಏಕೆಂದರೆ ರ್‍ಯಾಪ್ ಅಂದರೆ ಇದೇ ವಿಷಯ, ಇದೇ ಭಂಗಿ ಎಂಬ ಬೇಲಿಯನ್ನು ಮೊದಲು ದಾಟಿದವರು ಅವರು.

ಇನ್ನು ಅವರ ಊರಿನ ಬಗ್ಗೆ. ಮಾಗಿಕ್ ಇದ್ದ ಬೊಗುಚಿತ್ಸೆ ಬಡಾವಣೆಯ ಪಕ್ಕದಲ್ಲಿಯೇ ಹಳೆಯ ಕಟೋವಿತ್ಸೆ ಗಣಿಯ ಜಾಗವಿದೆ. ಗಣಿ ಮುಚ್ಚಿದ ಮೇಲೆ ಅಲ್ಲಿ 2014ರಲ್ಲಿ ಪೋಲಿಷ್ ರೇಡಿಯೊದ ರಾಷ್ಟ್ರೀಯ ಸಿಂಫನಿ ವಾದ್ಯವೃಂದಕ್ಕೆ ಹೊಸ ಸಭಾಭವನವನ್ನು ಕಟ್ಟಿದರು, 2015ರಲ್ಲಿ ಸಿಲೇಸಿಯಾದ ವಸ್ತುಸಂಗ್ರಹಾಲಯ ಅಲ್ಲಿಯೇ ತೆರೆಯಿತು, ಅದೇ ವರ್ಷ ಯುನೆಸ್ಕೊ ಕಟೋವಿತ್ಸೆಯನ್ನು ಸಂಗೀತದ ನಗರವೆಂದು ಗುರುತಿಸಿತು. ಆ ಸಿಂಫನಿ ವಾದ್ಯವೃಂದ ಕಟೋವಿತ್ಸೆಯವನೇ ಆದ ಮಿಯೂಶ್ ಎಂಬ ರ್‍ಯಾಪ್ ಗಾಯಕನ ಜೊತೆ, ಯಿಮೆಕ್ ಎಂಬ ಸಂಯೋಜಕನ ನೇತೃತ್ವದಲ್ಲಿ ಕಚೇರಿ ನಡೆಸಿದೆ. ಅದರ ಧ್ವನಿಮುದ್ರಣವೂ ಬಂದಿದೆ. ಸಮಯ ಉಳಿದರೆ ಅದರಿಂದ ಒಂದು ಹಾಡನ್ನು ಕೇಳಿಸಿ. ನಿಮ್ಮ ಸಭೆಗೆ ವಿಜಯಪುರದಿಂದ ನಾವು ಇಬ್ಬರು ಬರುವ ವಿಚಾರದಲ್ಲಿದ್ದೇವೆ, ಆದ್ದರಿಂದ ದಿನ ಮತ್ತು ಜಾಗ ಗೊತ್ತಾದ ಕೂಡಲೆ ಇಲ್ಲಿಯೇ ಬರೆಯಿರಿ. ಸ್ಪೀಕರ್ ಸ್ವಲ್ಪ ಒಳ್ಳೆಯದಿರಲಿ. ಮೊದಲ ಆಲ್ಬಮ್ಮಿನ ಬಾಸ್ ಚಿಕ್ಕ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ.